ಓದುಗರ ಪ್ರಶ್ನೋತ್ತರ: ಎಂಟು ಪುಟದ ಪುಸ್ತಕ, ಕಳೆದುಹೋದ ಕತ್ತೆ ಮತ್ತು ಅಕ್ಟೋಬರ್ 28

ಚಿತ್ರಕಥೆ, ವ್ಯಂಗ್ಯಚಿತ್ರ ಮತ್ತು ಅನಿಮೇಷನ್ ಕುರಿತು ಬೆಳಗಾವಿ, ಬಾಗಲಕೋಟೆ ಹಾಗೂ ವಿಜಯಪುರ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಿಂದ ಎಂಟನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ನನ್ನಂತೆ ಕಾಮಿಕ್ಸ್ ಬರೆಯುವ ನಾಲ್ಕಾರು ಗೆಳೆಯರು ಕಾಲೇಜಿನಲ್ಲಿದ್ದಾರೆ. ಬೆಳಗಾವಿಯಲ್ಲಿ ಇಂಥವರ ವಲಯವೇನಾದರೂ ಇದೆಯೇ? ಬರುವ ತಿಂಗಳುಗಳಲ್ಲಿ ನಾವು ಹೋಗಬಹುದಾದ ಕಾರ್ಯಕ್ರಮಗಳು ಯಾವುವು? (ಟಿಳಕವಾಡಿ, ಬೆಳಗಾವಿ)

ಉತ್ತರ: ಸಭಾಂಗಣ ಹಿಡಿದು, ಟಿಕೆಟ್ ಇಟ್ಟು, ಮಳಿಗೆ ಹಾಕಿ ನಡೆಸುವ ಮೇಳವನ್ನೇ ವಲಯವೆಂದು ಕರೆಯುವುದಾದರೆ ಅಂಥದ್ದನ್ನು ಬೆಳಗಾವಿಯಲ್ಲಿ ನಾನಂತೂ ಕಂಡಿಲ್ಲ. ಆದರೆ ಪುಸ್ತಕ, ಪತ್ರಿಕೆಗಳಿಗಾಗಿ ಚಿತ್ರ ಬರೆಯುವವರ ಪರಂಪರೆಯನ್ನು ಹುಡುಕುವುದಾದರೆ ಈ ಊರು ಬಡವಲ್ಲ. ಇಲ್ಲಿ ತಲೆಮಾರುಗಳಿಗೆ ಚಿತ್ರಕಲೆ ಕಲಿಸಿದ ಕೆ. ಬಿ. ಕುಲಕರ್ಣಿಯವರ ಕೈಯಲ್ಲಿ ಪಳಗಿದ, ಬೆಳಗಾವಿಯಲ್ಲೇ ಹುಟ್ಟಿದ ರವಿ ಪರಾಂಜಪೆಯವರು (1935–2022) ಮುಂದೆ ಮುಂಬಯಿ, ಪುಣೆಗಳಲ್ಲಿ ದೇಶದ ಮುಂಚೂಣಿಯ ಇಲಸ್ಟ್ರೇಟರ್‌ಗಳಲ್ಲಿ ಒಬ್ಬರೆನಿಸಿದರು. ನಮ್ಮಲ್ಲಿ ಇಂದಿಗೂ ಕಲಿಸುವ ಡ್ರಾಯಿಂಗ್ ಮಾಸ್ತರರಿದ್ದಾರೆ, ಬರೆಯುವ ಹುಡುಗ ಹುಡುಗಿಯರಿದ್ದಾರೆ, ಓಣಿಗೊಂದು ಝೆರಾಕ್ಸ್ ಅಂಗಡಿಯಿದೆ. ಇವರೆಲ್ಲ ಒಬ್ಬರಿಗೊಬ್ಬರು ಗೊತ್ತಿಲ್ಲ ಎಂಬುದೊಂದೇ ಕೊರತೆ.

ಕಾರ್ಯಕ್ರಮಗಳ ಮಾತಿಗೆ ಬರುತ್ತೇನೆ. ಅಕ್ಟೋಬರ್ ತಿಂಗಳ ಮೊದಲ ಶನಿವಾರ ಜಗತ್ತಿನ ಹಲವೆಡೆ 24 ಗಂಟೆಗಳ ಕಾಮಿಕ್ಸ್ ದಿನವನ್ನು ಆಚರಿಸುತ್ತಾರೆ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1990ರಲ್ಲಿ ಗೆಳೆಯನೊಬ್ಬನಿಗೆ ಒಡ್ಡಿದ ಪಂಥದಿಂದ ಇದು ಹುಟ್ಟಿತು: 24 ಪುಟಗಳ ಒಂದು ಪೂರ್ತಿ ಚಿತ್ರಕಥೆಯನ್ನು, ಮೊದಲೇ ಏನನ್ನೂ ಬರೆದಿಟ್ಟುಕೊಳ್ಳದೆ, ಒಂದೇ ಹಗಲು ರಾತ್ರಿಯಲ್ಲಿ ಮುಗಿಸಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಶುಲ್ಕವೂ ಇಲ್ಲ. ಒಂದು ಕೋಣೆ, ದೊಡ್ಡ ಮೇಜು ಮತ್ತು ಬೇಕಾದಷ್ಟು ಚಹಾ ಸಾಕು. ನಿಮ್ಮ ನಾಲ್ಕಾರು ಮಂದಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋರುವುದಿಲ್ಲ. 24 ಪುಟ ಮುಗಿಯದಿದ್ದರೆ ಹನ್ನೆರಡಕ್ಕೆ ನಿಲ್ಲಿಸಿ, ಯಾರೂ ಕೇಸು ಹಾಕುವುದಿಲ್ಲ. ಅದೇ ತಿಂಗಳ 28ನೆಯ ತಾರೀಖು ಅಂತರರಾಷ್ಟ್ರೀಯ ಅನಿಮೇಷನ್ ದಿನ. ಅದರ ಬಗ್ಗೆ ಮುಂದಿನ ಉತ್ತರದಲ್ಲಿ ವಿವರವಾಗಿ ಬರೆದಿದ್ದೇನೆ.

ಊರು ಬಿಟ್ಟು ಹೋಗುವುದಾದರೆ, ಕುಂದಾಪುರದಲ್ಲಿ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಅವರ ಮುಂದಾಳತ್ವದಲ್ಲಿ ನಡೆಯುತ್ತ ಬಂದಿರುವ ಕಾರ್ಟೂನು ಹಬ್ಬವನ್ನು ನಾನು ಮೊದಲು ಹೇಳುತ್ತೇನೆ. ಮಕ್ಕಳಿಂದ ಹಿರಿಯರವರೆಗೆ ಎಲ್ಲರನ್ನೂ ಒಳಗೊಳ್ಳುವ, ಕನ್ನಡದಲ್ಲೇ ಮಾತನಾಡುವ ಕೂಟವದು. ಬೆಂಗಳೂರಿನ ಕಾಮಿಕ್ಸ್ ಮೇಳವಾದ ಕಾಮಿಕ್ ಕಾನ್ 2012ರಲ್ಲಿ ಆರಂಭವಾದದ್ದು. ಈಚಿನ ವರ್ಷಗಳಲ್ಲಿ ನವೆಂಬರ್ ಮತ್ತು ಜನವರಿಯ ನಡುವಿನ ಒಂದು ಶನಿವಾರ, ಭಾನುವಾರ ವೈಟ್‌ಫೀಲ್ಡ್ ಕಡೆ ನಡೆದಿದೆ. ಗದ್ದಲ, ವೇಷ, ಬೊಂಬೆ, ಅಂಗಿಗಳ ಮಾರಾಟವೇ ಅಲ್ಲಿ ಹೆಚ್ಚೆಂದು ಗೊಣಗುವವರಿದ್ದಾರೆ, ನಾನೂ ಒಬ್ಬ. ಆದರೂ ತಮ್ಮ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿಕೊಂಡು ಮೇಜಿನ ಹಿಂದೆ ನಿಂತ ಕಲಾವಿದರ ಸಾಲು ಅಲ್ಲಿ ಇದ್ದೇ ಇರುತ್ತದೆ; ನೀವು ನೇರವಾಗಿ ಆ ಸಾಲಿಗೆ ಹೋಗಿ, ಕಾಗದ ಯಾವುದು, ಎಷ್ಟು ಪ್ರತಿ ಹಾಕಿಸಿದಿರಿ, ಎಷ್ಟು ಉಳಿದವು ಎಂದು ಕೇಳಿರಿ. ಮೂರನೆಯ ಪ್ರಶ್ನೆಗೆ ಬರುವ ಉತ್ತರವೇ ನಿಮಗೆ ಹೆಚ್ಚು ಪಾಠ ಹೇಳೀತು. ಅದೇ ಪಯಣದಲ್ಲಿ ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಬಳಿಯ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯನ್ನೂ ನೋಡಿಬನ್ನಿ. 2007ರಲ್ಲಿ ತೆರೆದ ಈ ಗ್ಯಾಲರಿಯಲ್ಲಿ ಪ್ರದರ್ಶನಗಳು ಒಂದರ ಹಿಂದೊಂದು ನಡೆಯುತ್ತಿರುತ್ತವೆ, ವ್ಯಂಗ್ಯಚಿತ್ರಕಾರ್ತಿ ಮಾಯಾ ಕಾಮತ್ ಅವರ ಹೆಸರಿನ ವ್ಯಂಗ್ಯಚಿತ್ರ ಸ್ಪರ್ಧೆಯನ್ನು ನಡೆಸುವವರೂ ಇವರೇ. ಉದ್ಯಮದ ಕಡೆಗೆ ಒಲವಿದ್ದವರಿಗೆ ಗೇಮಿಂಗ್ ಮತ್ತು ಅನಿಮೇಷನ್ ಕುರಿತ ಜಿಎಎಫ್‌ಎಕ್ಸ್ ಸಮ್ಮೇಳನವಿದೆ. ಎಲ್ಲದರ ತಾರೀಖನ್ನೂ ಆಯಾ ಸಂಘಟಕರಿಂದ ಖಚಿತಪಡಿಸಿಕೊಂಡೇ ರೈಲಿನ ಟಿಕೆಟ್ ಮಾಡಿಸಿರಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ. ಅನಿಮೇಷನ್ ದಿನದಂದು ಮಕ್ಕಳಿಂದ ಏನಾದರೂ ಮಾಡಿಸಬೇಕೆಂದಿದ್ದೇನೆ. ಶಾಲೆಯಲ್ಲಿ ಕಂಪ್ಯೂಟರುಗಳು ಹೆಸರಿಗಷ್ಟೇ ಇವೆ. ಏನು ಮಾಡಬಹುದು? (ಜಮಖಂಡಿ)

ಉತ್ತರ: ಕಂಪ್ಯೂಟರ್ ಇಲ್ಲದಿರುವುದೇ ಈ ದಿನಕ್ಕೆ ತಕ್ಕದ್ದು. ಎಮಿಲ್ ರೆನೋ ಎಂಬ ಫ್ರೆಂಚ್ ಕುಶಲಕರ್ಮಿ 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಗ್ರೆವಾಂ ಮ್ಯೂಸಿಯಮ್ಮಿನಲ್ಲಿ, ಕೈಯಿಂದ ಬಣ್ಣ ಹಚ್ಚಿದ ಚಿತ್ರಗಳ ಉದ್ದನೆಯ ಪಟ್ಟಿಯನ್ನು ಬೆಳಕಿನ ಮುಂದೆ ಸುತ್ತುತ್ತ, ಪರದೆಯ ಮೇಲೆ ಚಲಿಸುವ ಬೊಂಬೆಗಳನ್ನು ಜನರಿಗೆ ತೋರಿಸಿದ. ಲೂಮಿಯೇರ್ ಸಹೋದರರು ಸಿನಿಮಾ ತೋರಿಸಿದ್ದು ಅದಾದ ಮೂರು ವರ್ಷದ ಮೇಲೆ. ಅಂತರರಾಷ್ಟ್ರೀಯ ಅನಿಮೇಷನ್ ಸಂಘವಾದ ಅಸಿಫಾ 2002ರಲ್ಲಿ ಈ ತಾರೀಖನ್ನು ಅನಿಮೇಷನ್ ದಿನವೆಂದು ಸಾರಿತು. ಸಿನಿಮಾ ಬಂದು ತನ್ನ ಆಟಕ್ಕೆ ಜನ ಇಲ್ಲದಾದಾಗ ರೆನೋ ತನ್ನ ಬಹುಪಾಲು ಚಿತ್ರಪಟ್ಟಿಗಳನ್ನು ತಾನೇ ಸೇನ್ ನದಿಗೆ ಎಸೆದುಬಿಟ್ಟನಂತೆ. ಮಕ್ಕಳಿಗೆ ಇದನ್ನು ಹೇಳಿರಿ, ಪಾಠಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ಮಾಡಿಸಬೇಕಾದ ಮೊದಲ ಕೆಲಸ ಹಾಳೆ ತಿರುವುವ ಪುಸ್ತಕ. ಹಳೆಯ ನೋಟ್‌ಬುಕ್ಕಿನ ಬಲ ಅಂಚಿನ ಮೂಲೆಯಲ್ಲಿ, ಕೊನೆಯ ಪುಟದಿಂದ ಹಿಂದಕ್ಕೆ ಬರುತ್ತ, ಪುಟಕ್ಕೊಂದರಂತೆ ಚಿತ್ರ ಬರೆಯಬೇಕು. ಹಿಂದಿನಿಂದ ಏಕೆಂದರೆ, ಕೆಳಗಿನ ಹಾಳೆಯ ಗೆರೆ ಮೇಲಿನ ಹಾಳೆಯಲ್ಲಿ ಮಸುಕಾಗಿ ಕಾಣುತ್ತದೆ, ಎಷ್ಟು ಸರಿಸಬೇಕೆಂಬುದು ಕಣ್ಣಿಗೆ ತಿಳಿಯುತ್ತದೆ. ಹೆಬ್ಬೆರಳಿನಿಂದ ಪುಟಗಳನ್ನು ಸರಸರ ಬಿಟ್ಟಾಗ ಚೆಂಡು ಪುಟಿಯುತ್ತದೆ. ಎಲ್ಲ ಮಕ್ಕಳೂ ಮೊದಲಿಗೆ ಚೆಂಡಿನ ಎತ್ತರವನ್ನು ಸಮನಾಗಿ ಭಾಗಿಸಿ ಬರೆಯುತ್ತಾರೆ, ಆಗ ಚೆಂಡು ದಾರದಲ್ಲಿ ಕಟ್ಟಿ ಇಳಿಸಿದ ಕೊಡದಂತೆ ಇಳಿಯುತ್ತದೆ. ಮೇಲೆ ಚಿತ್ರಗಳು ಒತ್ತೊತ್ತಾಗಿಯೂ ನೆಲದ ಬಳಿ ದೂರ ದೂರವೂ ಇರಬೇಕೆಂದು, ಏಕೆಂದರೆ ಚೆಂಡಿನ ವೇಗ ಕೆಳಗೆ ಬಂದಂತೆ ಹೆಚ್ಚುತ್ತದೆಂದು, ಒಮ್ಮೆ ತೋರಿಸಿದರೆ ಸಾಕು; ವಿಜ್ಞಾನದ ಮೇಷ್ಟ್ರು ಹೇಳಿದ ಗುರುತ್ವದ ಪಾಠ ಅವರಿಗೆ ಆ ಕ್ಷಣದಲ್ಲಿ ಅರ್ಥವಾಗುತ್ತದೆ.

ಎರಡನೆಯದಕ್ಕೆ ಒಂದು ಮೊಬೈಲ್ ಬೇಕು. ಅದನ್ನು ಸ್ಟೂಲಿನ ಅಂಚಿಗೆ ಕ್ಯಾಮೆರಾ ಕೆಳಮುಖವಾಗಿ ಬರುವಂತೆ ಪಟ್ಟಿ ಅಂಟಿಸಿ ಕಟ್ಟಿ, ಕೆಳಗೆ ಕಪ್ಪು ಸ್ಲೇಟು ಇಡಿ. ಸ್ಲೇಟಿನ ಮೇಲೆ ಒಂದು ಹಿಡಿ ಜೋಳದ ಕಾಳು ಚೆಲ್ಲಿ, ಪ್ರತಿ ಸಲ ಒಂದೊಂದು ಕಾಳನ್ನೂ ಅರ್ಧ ಬೆರಳಿನಷ್ಟು ಸರಿಸಿ ಫೋಟೊ ತೆಗೆಯುತ್ತ ಹೋಗಿರಿ. ಕಾಳುಗಳು ತಾವಾಗಿ ನಡೆದುಬಂದು ‘ಜ’ ಅಕ್ಷರವಾಗಿ ನಿಲ್ಲುವಂತೆ ಮಾಡುವುದಕ್ಕೆ ಸುಮಾರು 60 ಫೋಟೊ ಹಿಡಿಯುತ್ತದೆ. ಸೆಕೆಂಡಿಗೆ 12ರಂತೆ ಓಡಿಸಿದರೆ ಅದು 5 ಸೆಕೆಂಡಿನ ಚಿತ್ರ. ಸಿನಿಮಾ ಸೆಕೆಂಡಿಗೆ 24 ಚೌಕಗಳಲ್ಲಿ, ಅಂದರೆ ಫ್ರೇಮುಗಳಲ್ಲಿ, ಓಡುತ್ತದೆ, ಕೈಚಿತ್ರದ ಅನಿಮೇಷನ್ನಿನಲ್ಲಿ ಒಂದೊಂದು ಚಿತ್ರವನ್ನು ಎರಡೆರಡು ಚೌಕ ನಿಲ್ಲಿಸಿ 12ರಲ್ಲಿ ಮುಗಿಸುವುದು ರೂಢಿ. ಹಾಗಿದ್ದರೂ ಒಂದು ನಿಮಿಷಕ್ಕೆ 720 ಚಿತ್ರಗಳಾದವು. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿರಿ. ಕಿಟಕಿ ಮುಚ್ಚಿ, ಒಂದೇ ವಿದ್ಯುತ್ ದೀಪದಲ್ಲಿ ತೆಗೆಯಬೇಕೆಂಬುದನ್ನು ಮರೆಯಬಾರದು. ಬಿಸಿಲನ್ನು ನಂಬಿದರೆ ಮೋಡ ಬಂದಾಗಲೆಲ್ಲ ಚಿತ್ರ ಮಿಣುಕುತ್ತದೆ. ಮತ್ತೆ, ಬೀಸುವ ಫ್ಯಾನನ್ನು ಆರಿಸಿ; ಜೋಳ ಹಗುರು.

ಪ್ರಶ್ನೆ: ಕಾಮಿಕ್ಸ್ ಎಂಬುದು ಹೊರಗಿನಿಂದ ಬಂದ ಚಟ, ನಮ್ಮ ಭಾಗಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಇದು ನಿಜವೇ? (ಗುಳೇದಗುಡ್ಡ)

ಉತ್ತರ: ನೀವಿರುವ ಊರಿನಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಬಾದಾಮಿ, ಅಲ್ಲಿಂದ ಮುಂದೆ ಪಟ್ಟದಕಲ್ಲು. ಹಿರಿಯರನ್ನೂ ಜೊತೆಗೆ ಕರೆದುಕೊಂಡು ಪಟ್ಟದಕಲ್ಲಿನ ಪಾಪನಾಥ ಗುಡಿಗೆ ಹೋಗಿರಿ. ಎಂಟನೆಯ ಶತಮಾನದ ಆ ಗುಡಿಯ ದಕ್ಷಿಣದ ಹೊರಗೋಡೆಯಲ್ಲಿ ರಾಮಾಯಣದ ಪ್ರಸಂಗಗಳು ಒಂದರ ಪಕ್ಕ ಒಂದು ಸಾಲಾಗಿ ಕೆತ್ತಲ್ಪಟ್ಟಿವೆ. ಹಲವು ಆಕೃತಿಗಳ ಬಳಿ ಅವರು ಯಾರೆಂಬುದನ್ನು ಅಂದಿನ ಕನ್ನಡ ಲಿಪಿಯಲ್ಲಿ ಕೊರೆದಿದ್ದಾರೆ. ಚಿತ್ರವಿದೆ, ಕ್ರಮವಿದೆ, ಚಿತ್ರದ ಜೊತೆಗೆ ಅಕ್ಷರವಿದೆ. ಅದೇ ಆವರಣದ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ಅಡ್ಡಪಟ್ಟಿಗಳಲ್ಲಿ ರಾಮಾಯಣ, ಮಹಾಭಾರತದ ಕಥೆಗಳಿವೆ. ಬಾದಾಮಿಯ ಎರಡನೆಯ ಗುಹೆಯಲ್ಲಿ ಕೃಷ್ಣನ ಕಥೆ ಉದ್ದನೆಯ ಪಟ್ಟಿಕೆಯಾಗಿ ಸಾಗುತ್ತದೆ, ಅದರಲ್ಲಿ ಒಬ್ಬನೇ ಕೃಷ್ಣ ಮತ್ತೆ ಮತ್ತೆ ಕಾಣಿಸಿಕೊಂಡರೂ ನೋಡುವವರಿಗೆ ಗೊಂದಲವಾಗುವುದಿಲ್ಲ. ಒಬ್ಬನೇ ವ್ಯಕ್ತಿಯನ್ನು ಹತ್ತು ಸಲ ಬರೆದು ಕಾಲ ಸರಿದದ್ದನ್ನು ತೋರಿಸುವುದೇ ಚಿತ್ರಕಥೆಯ ಮೂಲ ಉಪಾಯ ಎಂಬುದನ್ನು ನೆನೆದರೆ, ಆ ಉಪಾಯ ಮಲಪ್ರಭೆಯ ದಂಡೆಗೆ ಹೊಸದಲ್ಲ.

ವಿಜಯಪುರದ ಕಡೆಗೆ ಬಂದರೆ, ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, 1570ರಲ್ಲಿ, ನುಜೂಮ್ ಅಲ್ ಉಲೂಮ್ ಎಂಬ ಜ್ಯೋತಿಷ, ಆಯುಧ, ಆನೆ, ಕುದುರೆ ಮೊದಲಾದ ವಿದ್ಯೆಗಳ ಹಸ್ತಪ್ರತಿ ಸಿದ್ಧವಾಯಿತು. ಸುಮಾರು 400 ಕಿರುಚಿತ್ರಗಳಿರುವ ಅದು ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇದನ್ನು ಚಿತ್ರಕಥೆ ಎನ್ನಲಾಗದು, ಸಚಿತ್ರ ವಿಶ್ವಕೋಶವೆನ್ನಬಹುದು. ಹೆಮ್ಮೆಗಾಗಿ ಎಲ್ಲವನ್ನೂ ಕಾಮಿಕ್ಸ್ ಎಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಚೌಕ, ಪಾತ್ರದ ಮಾತು ಬರೆಯುವ ಗುಳ್ಳೆ, ವಾರದ ಪತ್ರಿಕೆ, ಇವೆಲ್ಲ ಅಚ್ಚುಮೊಳೆ ಬಂದ ಮೇಲಿನ ಸಂಗತಿಗಳು, ಹೊರಗಿನವೇ ಸರಿ. ಹಾಗೆ ನೋಡಿದರೆ ನಮ್ಮ ಊಟದ ಮೆಣಸಿನಕಾಯಿಯೂ ಹೊರಗಿನದೇ.

ಅನಿಮೇಷನ್ನಿನ ಹತ್ತಿರದ ನೆಂಟನೆಂದರೆ ತೊಗಲು ಗೊಂಬೆಯಾಟ. ಹದ ಮಾಡಿದ ತೊಗಲಿಗೆ ಬಣ್ಣ ಹಚ್ಚಿ, ಪರದೆಯ ಹಿಂದೆ ಬೆಳಕಿಟ್ಟು ಆಡಿಸುವ ಈ ಆಟದಲ್ಲಿ ಪಾತ್ರದ ಅಂತಸ್ತಿಗೆ ತಕ್ಕಂತೆ ಗೊಂಬೆಯ ಗಾತ್ರ ಬದಲಾಗುತ್ತದೆ, ಕೆಲವೊಮ್ಮೆ ಇಡೀ ದೃಶ್ಯವೇ ಒಂದು ತೊಗಲಿನಲ್ಲಿ ಇರುತ್ತದೆ. ನಡುನಡುವೆ ಬರುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಜೋಡಿಯಂತೂ ಯಾವ ವ್ಯಂಗ್ಯಚಿತ್ರಕ್ಕೂ ಕಡಿಮೆಯಿಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 90 ದಾಟಿತ್ತು. ಅನಿಮೇಷನ್ ಕಲಿಯುವವರು ಒಂದು ರಾತ್ರಿ ಪರದೆಯ ಮುಂದೆ ಕುಳಿತು, ಮರುರಾತ್ರಿ ಅಪ್ಪಣೆ ಪಡೆದು ಪರದೆಯ ಹಿಂದೆ ಕುಳಿತು ನೋಡಬೇಕು.

ಪ್ರಶ್ನೆ: ಮೊಬೈಲಿನಲ್ಲೇ ಕಾಮಿಕ್ಸ್ ಬರೆಯುತ್ತೇನೆ. ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಕನ್ನಡದ ಮಾತು ಹಾಕಿದ ಕೂಡಲೇ ಗುಳ್ಳೆ ಕೆಡುತ್ತದೆ. ಒತ್ತಕ್ಷರಗಳು ಒಡೆಯುತ್ತವೆ, ಮಾತು ತುಂಬಿ ಚಿತ್ರ ಮುಚ್ಚುತ್ತದೆ. ಇಂಗ್ಲಿಷಿನಲ್ಲಿ ಬರೆಯಲೇ? (ಗೋಕಾಕ)

ಉತ್ತರ: ಬೇಡ. ಮೊದಲು ನನ್ನದೊಂದು ಕಥೆ ಕೇಳಿರಿ. ಎಷ್ಟೋ ವರ್ಷಗಳ ಹಿಂದೆ ನಾನು 16 ಪುಟಗಳ ಚಿತ್ರಕಥೆಯೊಂದನ್ನು ಬರೆದು, ಡಿಟಿಪಿ ಮಾಡಿಸಿ, ಅಚ್ಚಿಗೆ ಕೊಟ್ಟಿದ್ದೆ. ಕತ್ತೆಯನ್ನು ಕಳೆದುಕೊಂಡ ಅಗಸನೊಬ್ಬ ಸಂತೆಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ‘ಎಲ್ಲಿ ನನ್ನ ಕತ್ತೆ?’ ಎಂದು ಕೇಳುತ್ತ ಹೋಗುತ್ತಾನೆ. ಮುದ್ರಣಾಲಯದವರು ಗುಳ್ಳೆಗಳನ್ನು ತುಸು ಕಿರಿದು ಮಾಡಿದ್ದರಿಂದ ಸಾಲಿನ ಕೆಳಭಾಗ ಕತ್ತರಿಸಿಹೋಗಿ ಒತ್ತಕ್ಷರಗಳೆಲ್ಲ ಮಾಯವಾದವು. ಪುಸ್ತಕ ಬಂದಾಗ ಅಗಸ ಪುಟಪುಟದಲ್ಲೂ ‘ಎಲ್ಲಿ ನನ್ನ ಕತೆ?’ ಎಂದು ಕೇಳುತ್ತಿದ್ದ. (‘ಎಲ್ಲಿ’, ‘ನನ್ನ’ ಹೇಗೋ ಉಳಿದುಕೊಂಡಿದ್ದವು, ಅವು ಮೇಲಿನ ಸಾಲಿನಲ್ಲಿದ್ದವು.) ಓದಿದ ಹಿರಿಯರೊಬ್ಬರು ಇದರಲ್ಲಿ ಅಧ್ಯಾತ್ಮವಿದೆ ಎಂದು ಮೆಚ್ಚಿ ಪತ್ರ ಬರೆದರು. ನಾನು ಅವರಿಗೆ ನಿಜ ಹೇಳಲಿಲ್ಲ.

ಆಗ ಕಲಿತದ್ದು ಇಷ್ಟು. ಇಂಗ್ಲಿಷ್ ಕಾಮಿಕ್ಸಿನಲ್ಲಿ ದೊಡ್ಡಕ್ಷರಗಳನ್ನೇ ಬಳಸುವುದರಿಂದ ಸಾಲುಗಳನ್ನು ಒತ್ತಾಗಿ ಜೋಡಿಸಬಹುದು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ‘ರಾಷ್ಟ್ರ’, ‘ಸ್ತ್ರೀ’ಗಳಂಥ ಕಡೆ ಎರಡೆರಡು ಒತ್ತು. ಆದುದರಿಂದ ಸಾಲಿನಿಂದ ಸಾಲಿಗೆ ಅಕ್ಷರದ ಗಾತ್ರದ ಒಂದೂವರೆಪಟ್ಟು ಜಾಗ ಬಿಡಬೇಕು, ಗುಳ್ಳೆಯ ಒಳಗೆ ಕೆಳಗಿನ ಅಂಚು ಮೇಲಿನದಕ್ಕಿಂತ ಅಗಲವಾಗಿರಬೇಕು. ಮೊದಲು ಮಾತು, ಅದರ ಸುತ್ತ ಗುಳ್ಳೆ, ಉಳಿದ ಜಾಗದಲ್ಲಿ ಚಿತ್ರ, ಈ ಕ್ರಮದಲ್ಲಿ ಬರೆಯಿರಿ. ನೀವು ಇದನ್ನು ತಿರುವುಮುರುವಾಗಿ ಮಾಡುತ್ತಿರುವಂತೆ ತೋರುತ್ತದೆ. ಅಕ್ಷರ ಒಡೆಯುವುದು ತಂತ್ರಾಂಶದ ತೊಂದರೆ. ಯೂನಿಕೋಡ್ ಫಾಂಟುಗಳನ್ನೇ ಬಳಸಿ: ನೋಟೊ, ಬಲೂ ತಮ್ಮ, ಅಕಾಯ ಕನಡಕ, ಹುಬ್ಬಳ್ಳಿ ಇವೆಲ್ಲ ಉಚಿತವಾಗಿ ಸಿಗುತ್ತವೆ. ಅಡೋಬ್ ತಂತ್ರಾಂಶಗಳಾದರೆ ಪಠ್ಯದ ಆಯ್ಕೆಗಳಲ್ಲಿ ವರ್ಲ್ಡ್ ರೆಡಿ ಎಂಬುದನ್ನು ಆರಿಸದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಕೂರುತ್ತದೆ. ಉಚಿತವಾದ ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಅಚ್ಚಿಗೆ ಕೊಡುವ ಮುನ್ನ ಅಕ್ಷರಗಳನ್ನೆಲ್ಲ ಗೆರೆಗಳನ್ನಾಗಿ, ಅಂದರೆ ಡಿಟಿಪಿಯವರ ಮಾತಿನಲ್ಲಿ ಕರ್ವ್ಸ್ ಆಗಿ, ಬದಲಿಸಿಬಿಡಿ. ಆ ಮೇಲೆ ಯಾರ ಕಂಪ್ಯೂಟರಿನಲ್ಲಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ನಿಮಗೆ ಚಿಂತೆಯಿಲ್ಲ. ಕೈಬರಹ ಚೆನ್ನಾಗಿದ್ದರಂತೂ ಇವೆಲ್ಲವನ್ನೂ ಬಿಟ್ಟು ಕೈಯಿಂದಲೇ ಬರೆಯಿರಿ.

ಮಾತು ತುಂಬಿಕೊಳ್ಳುವ ತೊಂದರೆಗೆ ಮದ್ದು ನಿಮ್ಮ ಮನೆಯಲ್ಲೇ ಇದೆ. ‘ಏನು ಮಾಡುತ್ತಿದ್ದೀಯೆ?’ ಎಂದು ಗ್ರಂಥದ ಕನ್ನಡದಲ್ಲಿ ಬರೆದರೆ ಗುಳ್ಳೆ ಹಿಗ್ಗಲೇಬೇಕು. ಗೋಕಾಕದ ಸಂತೆಯಲ್ಲಿ ಕೇಳಿಸುವಂತೆ ‘ಏನ್ ಮಾಡಾಕತ್ತಿ?’ ಎಂದರೆ ಜಾಗ ಉಳಿಯುತ್ತದೆ. ‘ಬರುತ್ತೇನೆಂದು ಹೇಳಿದ್ದಾನೆ’ ಎಂಬ ಉದ್ದನೆಯ ರೈಲು ‘ಬರ್ತೀನಂದಾನ’ ಎಂಬ ಒಂದು ಡಬ್ಬಿಯಲ್ಲಿ ಮುಗಿಯುತ್ತದೆ. ನಮ್ಮ ಭಾಗದ ಆಡುಮಾತು ಗುಳ್ಳೆಗೆಂದೇ ಹೇಳಿ ಮಾಡಿಸಿದಂತಿದೆ, ಆದರೂ ನಮ್ಮ ಹುಡುಗರ ಚಿತ್ರಕಥೆಗಳಲ್ಲಿ ಜೋಳದ ಹೊಲದ ರೈತ ಬೆಂಗಳೂರಿನ ವಾರ್ತಾವಾಚಕರಂತೆ ಮಾತನಾಡುವುದನ್ನು ನೋಡಿ ಸಾಕಾಗಿದೆ.

ಪ್ರಶ್ನೆ: ಮಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಾನೆ, ಅನಿಮೇಷನ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ಖಾಸಗಿ ತರಬೇತಿ ಕೇಂದ್ರವೊಂದು ದೊಡ್ಡ ಶುಲ್ಕ ಕೇಳಿ, ಕೆಲಸದ ಭರವಸೆಯನ್ನೂ ಕೊಡುತ್ತಿದೆ. ಸೇರಿಸಬಹುದೇ? (ವಿಜಯಪುರ)

ಉತ್ತರ: ಹಣ ಕಟ್ಟುವ ಮೊದಲು ಒಂದೇ ಒಂದು ಕೆಲಸ ಮಾಡಿರಿ: ಆ ಕೇಂದ್ರದಲ್ಲಿ ಕಳೆದ ವರ್ಷ ಕಲಿತು ಹೊರಬಂದ ಇಬ್ಬರು ವಿದ್ಯಾರ್ಥಿಗಳ ಶೋರೀಲ್, ಅಂದರೆ ಅವರ ಕೆಲಸದ ಮಾದರಿಗಳನ್ನು ಜೋಡಿಸಿದ ಕಿರುವಿಡಿಯೊ, ಕೇಳಿ, ಅವರೊಂದಿಗೆ ನೀವೇ ಮಾತನಾಡಿರಿ. ಕೊಡಲು ಹಿಂಜರಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಇಂಥ ಹಲವು ಕೇಂದ್ರಗಳಲ್ಲಿ ತಂತ್ರಾಂಶದ ಗುಂಡಿಗಳನ್ನು ಒತ್ತುವುದನ್ನು ಕಲಿಸುತ್ತಾರೆ, ನಡೆಯುವ ಮನುಷ್ಯನ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ನೋಡಲು ಕಲಿಸುವುದಿಲ್ಲ. ತಂತ್ರಾಂಶವಾದರೋ ಬ್ಲೆಂಡರ್, ಕ್ರಿಟಾ, ಓಪನ್‌ಟೂನ್ಸ್ ಮೂರೂ ಉಚಿತ. ಒಂದು ಸಾಧಾರಣ ಕಂಪ್ಯೂಟರ್ ಇದ್ದರೆ ಮಗ ಈ ವರ್ಷವೇ ಮನೆಯಲ್ಲಿ ಆರಂಭಿಸಬಹುದು. ಆರು ತಿಂಗಳ ಮೇಲೂ ಹಟ ಹಾಗೆಯೇ ಉಳಿದಿದ್ದರೆ ಅದು ಹಟವಲ್ಲ, ಒಲವು.

ಪಿಯುಸಿಯ ಯಾವುದೇ ವಿಭಾಗದವರೂ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆಯನ್ನು ಬರೆಯಬಹುದು. ಅಹಮದಾಬಾದಿನ ಅದರ ಅನಿಮೇಷನ್ ವಿಭಾಗ ದೇಶದಲ್ಲಿ ಹೆಸರಾದದ್ದು, ಸೀಟುಗಳು ಮಾತ್ರ ಬೆರಳೆಣಿಕೆಯವು. ಐಐಟಿಗಳ ವಿನ್ಯಾಸ ಪದವಿಗೆ ಯುಸೀಡ್ ಎಂಬ ಪರೀಕ್ಷೆಯಿದೆ. ಎರಡರಲ್ಲೂ ಚಿತ್ರದ ಕೌಶಲಕ್ಕಿಂತ ಸುತ್ತಲಿನದನ್ನು ಗಮನಿಸುವ ಗುಣವನ್ನು ಹೆಚ್ಚು ಪರೀಕ್ಷಿಸುತ್ತಾರೆ. ರಾಜ್ಯದ ಲಲಿತಕಲಾ ಕಾಲೇಜುಗಳ ಬಿಎಫ್‌ಎ ಪದವಿಯೂ ಒಳ್ಳೆಯ ಅಡಿಪಾಯ, ವೆಚ್ಚವೂ ಕಡಿಮೆ. ಈ ದಾರಿಯನ್ನು ಪಾಲಕರು ಏಕೆ ಇಷ್ಟು ಕಡೆಗಣಿಸುತ್ತಾರೋ ತಿಳಿಯದು. ಶನಿವಾರಕ್ಕೊಮ್ಮೆ ಬಸ್ ನಿಲ್ದಾಣದಲ್ಲಿ ಕುಳಿತು ಮಗ 20 ಸ್ಕೆಚ್ ಮಾಡಲಿ: ಗಂಟು ಹೊತ್ತವರು, ನಿದ್ರೆ ಹೋದವರು, ಬಸ್ಸಿಗೆ ಓಡುವವರು. ಎಲ್ಲಿಗೆ ಅರ್ಜಿ ಹಾಕಿದರೂ ನೆರವಿಗೆ ಬರುವುದು ಆ ಅಭ್ಯಾಸವೇ.

ಉದ್ಯೋಗದ ಬಗ್ಗೆ: ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ, ಈಗಿನದು 2024ರಿಂದ 2029ರವರೆಗಿನ ನೀತಿ. ಆದರೆ ಸ್ಟುಡಿಯೋಗಳು ಬಹುಮಟ್ಟಿಗೆ ಬೆಂಗಳೂರಿನಲ್ಲಿವೆ, ಕೆಲಸಗಳಲ್ಲಿ ಬಹುಪಾಲು ಹೊರದೇಶದ ಚಿತ್ರಗಳಿಗೆ ಮಾಡಿಕೊಡುವ ಗುತ್ತಿಗೆಯವು, ಅಲ್ಲಿ ಕೆಲಸ ಕಡಿಮೆಯಾದರೆ ಇಲ್ಲಿ ಕೆಲಸ ಹೋಗುತ್ತದೆ. ಯಂತ್ರವೇ ಚಿತ್ರ ಬರೆಯುವ ಕಾಲ ಬಂದಿರುವುದರಿಂದ ಒಂದೇ ಬಗೆಯ ಪುನರಾವರ್ತನೆಯ ಕೆಲಸ ಕಲಿತವರಿಗೆ ಮೊದಲು ಪೆಟ್ಟು ಬೀಳುತ್ತದೆ. ಕಥೆ ಹೇಳಬಲ್ಲ, ಸ್ಟೋರಿಬೋರ್ಡ್, ಅಂದರೆ ದೃಶ್ಯಗಳ ಕರಡು ಚಿತ್ರಸಾಲು, ಬರೆಯಬಲ್ಲ ಕೈಗೆ ಇನ್ನೂ ಬೆಲೆಯಿದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಚಿಕ್ಕವನಿದ್ದಾಗ ಚಂದಮಾಮ, ಇಂದ್ರಜಾಲ ಕಾಮಿಕ್ಸ್, ಮುಂದೆ ಮಕ್ಕಳಿಗೆ ಬಾಲಮಂಗಳ ತರುತ್ತಿದ್ದೆ. ಈಗ ಕನ್ನಡದಲ್ಲಿ ಕಾಮಿಕ್ಸ್ ಏಕೆ ಇಲ್ಲ? (ಅಥಣಿ)

ಉತ್ತರ: ನಿಮ್ಮ ನೆನಪಿಗೆ ಒಂದು ಸಂಗತಿ ಸೇರಿಸುತ್ತೇನೆ. 1967ರಲ್ಲಿ ಅನಂತ ಪೈ ಅವರ ಸಂಪಾದಕತ್ವದಲ್ಲಿ ಶುರುವಾಯಿತೆಂದು ಎಲ್ಲರೂ ಹೇಳುವ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಪ್ರಕಾಶನ ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ. ಅವು ಪಾಶ್ಚಾತ್ಯ ಕಾಲ್ಪನಿಕ ಕಥೆಗಳಾಗಿದ್ದವು. ಕೃಷ್ಣನ ಕಥೆಯ ಪುಸ್ತಕದ ಕ್ರಮಸಂಖ್ಯೆ 11 ಆಗಿರುವುದು ಅದಕ್ಕೇ, ಮೊದಲಿನ ಹತ್ತು ಸಂಖ್ಯೆಗಳು ಆ ಕಥೆಗಳಿಗೆ ಸಂದಿದ್ದವು. ಕನ್ನಡ ಚಂದಮಾಮ ಆರಂಭವಾದದ್ದು 1949ರ ಜುಲೈಯಲ್ಲಿ. ಅದರ ಮುಖಪುಟದ ಮಹಾಭಾರತದ ಚಿತ್ರಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ನಮ್ಮವರೇ.

ಈಗ ಇಲ್ಲದ್ದಕ್ಕೆ ಕಾರಣ ಓದುಗರ ಅಭಾವವೆನ್ನುವುದನ್ನು ನಾನು ಒಪ್ಪುವುದಿಲ್ಲ. ಬಣ್ಣದ ಅಚ್ಚಿನ ವೆಚ್ಚ ಏರಿತು, ಬಸ್ ನಿಲ್ದಾಣದ ಪುಸ್ತಕದ ಅಂಗಡಿಗಳು ಮುಚ್ಚಿ ಚಿಪ್ಸ್ ಅಂಗಡಿಗಳಾದವು, ಮಕ್ಕಳ ಕೈಗೆ ಪುಸ್ತಕ ತಲಪಿಸುವ ದಾರಿಯೇ ಅಳಿಸಿತು. ಆದ್ದರಿಂದಲೇ ನಾನು ಎಳೆಯರಿಗೆ ಎಂಟು ಪುಟದ ಪುಸ್ತಕವನ್ನು ಹೇಳಿಕೊಡುತ್ತೇನೆ. ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧರ್ಧ ಮಡಚಿ ಬಿಚ್ಚಿದರೆ ಎಂಟು ಚೌಕಗಳು. ನಡುವಿನ ಮಡಿಕೆಯಲ್ಲಿ ಎರಡು ಚೌಕದಷ್ಟು ಉದ್ದ ಕತ್ತರಿಸಿ, ಉದ್ದಕ್ಕೆ ಮಡಚಿ, ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಪಿನ್ನು, ಗೋಂದು ಏನೂ ಇಲ್ಲದೆ ಪುಸ್ತಕವಾಗುತ್ತದೆ. ಬರೆಯುವುದು ಹಾಳೆಯ ಒಂದೇ ಮಗ್ಗುಲಿನಲ್ಲಿ, ಝೆರಾಕ್ಸ್‌ಗೆ ಬೀಳುವುದು ಪ್ರತಿಗೆ ಎರಡು ಮೂರು ರೂಪಾಯಿ. ಮೊಮ್ಮಕ್ಕಳಿದ್ದರೆ ಮಾಡಿಸಿ ನೋಡಿರಿ, ಅಥಣಿಯಲ್ಲಿ ಕನ್ನಡ ಕಾಮಿಕ್ಸ್ ಇಲ್ಲವೆನ್ನುವಂತಿಲ್ಲ.

ಪ್ರಶ್ನೆ: ಸಂಸ್ಥೆಯೊಂದು ನನ್ನಿಂದ ಚಿತ್ರಕಥೆ ಬರೆಸಿಕೊಂಡು ಒಮ್ಮೆ ಹಣ ಕೊಟ್ಟು, ಈಗ ಅದೇ ಚಿತ್ರಗಳನ್ನು ಕ್ಯಾಲೆಂಡರಿನಲ್ಲೂ ಬಳಸಿದೆ. ಕೇಳಬಹುದೇ? (ಮುಧೋಳ)

ಉತ್ತರ: ಏನು ಬರೆದುಕೊಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಎಣಿಸಲಾಗುತ್ತದೆ. ಆದರೆ ಹಣ ಕೊಟ್ಟು ಬರೆಸಿದ ಕೆಲವು ಬಗೆಯ ಚಿತ್ರಗಳಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರಾಗುವ ಕಲಮೂ ಅದೇ ಕಾಯ್ದೆಯಲ್ಲಿದೆ. ಹೀಗಾಗಿ ಕಾಗದಪತ್ರಗಳನ್ನು ವಕೀಲರಿಗೆ ತೋರಿಸಿರಿ. ಮುಂದಿನ ಸಲ ಬಾಯಿಮಾತಿಗೆ ಒಪ್ಪದೆ, ಯಾವ ಬಳಕೆಗೆ, ಎಷ್ಟು ಪ್ರತಿಗೆ, ಎಷ್ಟು ಕಾಲಕ್ಕೆ ಎಂಬ ಮೂರು ಸಾಲನ್ನು ಬರೆಸಿಕೊಳ್ಳಿರಿ. ಹಾಗೆ ಕೇಳಿದರೆ ಕೆಲಸ ಕೈತಪ್ಪೀತೆಂಬ ಅಂಜಿಕೆ ನನಗೂ ಇತ್ತು. ತಪ್ಪಿದ ಕೆಲಸಗಳಲ್ಲಿ ಮರುಗಬೇಕಾದದ್ದು ಒಂದೂ ಇರಲಿಲ್ಲ.

ಪ್ರಶ್ನೆ: ಈ ಸಲ ನಾವು ಮೂವರು ಗೆಳತಿಯರು ಕಾಮಿಕ್ ಕಾನ್‌ಗೆ ಹೋಗುವವರಿದ್ದೇವೆ. ಎಲ್ಲರೂ ಜಪಾನಿ, ಅಮೆರಿಕನ್ ಪಾತ್ರಗಳ ವೇಷ ಹಾಕುತ್ತಾರೆ. ನಾನು ಕಿತ್ತೂರು ಚೆನ್ನಮ್ಮನಾಗಿ ಹೋದರೆ ನಗುತ್ತಾರೆಯೇ? ಮನೆಯಲ್ಲಿ ಅಜ್ಜನ ಕಾಲದ ಕತ್ತಿಯೂ ಇದೆ. (ಬೈಲಹೊಂಗಲ)

ಉತ್ತರ: ಚೆನ್ನಮ್ಮನ ಸಮಾಧಿಯ ಊರಿನವರು ನೀವು, ನಗುವವರ ಗೊಡವೆ ಏಕೆ? ಖಂಡಿತ ಹೋಗಿರಿ. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟರೆ ನಡೆಯಲೂ ಸುಲಭ, ಆ ಜನಜಂಗುಳಿಯಲ್ಲಿ ಸೆರಗಿನ ಚಿಂತೆಯೂ ಇರುವುದಿಲ್ಲ. ಅಜ್ಜನ ಕತ್ತಿಯನ್ನು ಮಾತ್ರ ಮನೆಯಲ್ಲೇ ಬಿಡಿ. ಲೋಹದ, ಹರಿತದ ಯಾವ ಆಯುಧವನ್ನೂ ಮೇಳದ ಬಾಗಿಲಲ್ಲಿ ಬಿಡುವುದಿಲ್ಲ, ರೈಲಿನಲ್ಲೂ ಅದು ತೊಂದರೆಗೆ ದಾರಿ. ಚಾಪೆಯ ಅಂಗಡಿಯಲ್ಲಿ ಸಿಗುವ ಫೋಮ್ ಹಾಳೆಯನ್ನು ಎರಡು ಪದರ ಅಂಟಿಸಿ ಕತ್ತಿಯ ಆಕಾರಕ್ಕೆ ಕತ್ತರಿಸಿ, ಅಂಚನ್ನು ಮರಳುಕಾಗದದಿಂದ ತಿಕ್ಕಿ, ಫೆವಿಕಾಲ್ ಒಂದು ಕೈ ಬಳಿದು ಒಣಗಿದ ಮೇಲೆ ಬೆಳ್ಳಿಬಣ್ಣ ಹಚ್ಚಿರಿ. ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವವಿರುತ್ತದೆ, ವೇಷವನ್ನು ಮೊದಲು ಅಲ್ಲಿ ತೊಟ್ಟು ಅಡ್ಡಾಡಿ ನೋಡಿರಿ. ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದು ಬೆಂಗಳೂರಿಗೆ ಹೋಗುವ ಮೊದಲೇ ತಿಳಿಯುತ್ತದೆ, ಮತ್ತು ಚೆನ್ನಮ್ಮನ ಉಡುಗೆಯಲ್ಲಿ ತಪ್ಪಿದ್ದರೆ ಕಿತ್ತೂರಿನ ಅಜ್ಜಿಯರು ಸುಮ್ಮನೆ ಬಿಡುವವರಲ್ಲ.